ಹೆರಿಗೆ ಕೋಣೆಯಿಂದ ಎಸ್‌ಎನ್‌ಸಿಯುಗೆ

ನಮ್ಮ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಗೂ ನವಜಾತ ಶಿಶುಗಳ ವಿಶೇಷ ಘಟಕಕ್ಕೂ ನಡುವೆ ಒಂದು ಕಾರಿಡಾರ್ ಇದೆ, ಅಷ್ಟೇ. ಈ ಘಟಕವನ್ನು ನಾವೆಲ್ಲ ಎಸ್‌ಎನ್‌ಸಿಯು ಅಂತಲೇ ಕರೆಯುವುದು. ಸಿಸ್ಟರ್ ಆಗಿ ಒಂಬತ್ತು ವರ್ಷ ಹೆರಿಗೆ ಮಾಡಿಸಿದ ಮೇಲೆ ನನ್ನನ್ನು ಅಲ್ಲಿಗೆ ಹಾಕಿದರು. ಪಕ್ಕದ ಕೋಣೆ ಅಲ್ವಾ, ಬೇಗ ಹೊಂದಿಕೊಳ್ಳುತ್ತೇನೆ ಅಂದುಕೊಂಡಿದ್ದೆ. ಆರು ತಿಂಗಳು ಹಿಡಿಯಿತು.

ಹೆರಿಗೆ ಕೋಣೆಯಲ್ಲಿ ನಮಗೆ ಕಿವಿಯೇ ಮುಖ್ಯ. ತಾಯಿ ನರಳುವ ದನಿ ಬದಲಾದರೆ ಸಾಕು, ಪರದೆ ಸರಿಸುವ ಮೊದಲೇ ಕೈಗೆ ಗ್ಲೌಸ್ ಬಂದಿರುತ್ತದೆ. 'ಮುಕ್ಕಮ್ಮಾ, ಇನ್ನೊಂದ್ಸಲ ಮುಕ್ಕು' ಅಂತ ಹುರಿದುಂಬಿಸುತ್ತೇವೆ. ಆಮೇಲೆ ಎಲ್ಲರೂ ಕಾಯುವುದು ಒಂದಕ್ಕೇ: ಮಗು ಅತ್ತಿತಾ? ಅತ್ತರೆ ಎಲ್ಲರಿಗೂ ಜೀವ ಬಂದ ಹಾಗೆ.

ಎಸ್‌ಎನ್‌ಸಿಯುನಲ್ಲಿ ಕಣ್ಣು ಬೇಕು. ಮೂವತ್ತೊಂದು ವಾರಕ್ಕೇ ಹುಟ್ಟಿದ ಮಗು ಸದ್ದಿಲ್ಲದೆ ಮಲಗಿದೆ ಅಂದರೆ ನಿದ್ದೆಯೂ ಇರಬಹುದು, ಉಸಿರು ನಿಂತಿರಲೂಬಹುದು. 20 ಸೆಕೆಂಡಿಗಿಂತ ಜಾಸ್ತಿ ನಿಂತರೆ ಅದಕ್ಕೆ ಏಪ್ನಿಯಾ ಅನ್ನುತ್ತೇವೆ. ಅಂಗಾಲು ಮೆಲ್ಲಗೆ ತೀಡಿದರೆ ಎಷ್ಟೋ ಸಲ ಮಗು ಮತ್ತೆ ಉಸಿರೆಳೆದುಕೊಳ್ಳುತ್ತದೆ. ಆದರೆ ತೀಡಲು ಯಾರಾದರೂ ನೋಡುತ್ತಿರಬೇಕು.

ಅಳತೆಯೂ ಬೇರೆ. ಹೆರಿಗೆ ಆದ ಕೂಡಲೇ ರಕ್ತಸ್ರಾವ ತಡೆಯಲು ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಟ್ಟು ಅಭ್ಯಾಸವಾದ ಕೈ ನನ್ನದು. ಇಲ್ಲಿ ಒಂದೂವರೆ ಕೆಜಿ ಮಗುವಿಗೆ ಮೊದಲ ದಿನ ಕೆಜಿಗೆ 60 ಎಂಎಲ್‌ನಂತೆ ಒಟ್ಟು 90 ಎಂಎಲ್ ಡೆಕ್ಸ್‌ಟ್ರೋಸ್. ಅಂದರೆ ಗಂಟೆಗೆ 3.75 ಎಂಎಲ್. ಆ ಮಗುವಿನ ಮೈಯಲ್ಲಿರುವ ರಕ್ತವೇ ಸುಮಾರು 120 ಎಂಎಲ್, ಒಂದು ಟೀ ಲೋಟದಷ್ಟು. ತಾಯಿಗೆ 500 ಎಂಎಲ್ ರಕ್ತ ಹೋದರೆ ಓಡುತ್ತಿದ್ದ ನಾನು, ಇಲ್ಲಿ ಟೆಸ್ಟಿಗೆ 2 ಎಂಎಲ್ ತೆಗೆಯುವ ಮೊದಲೂ ಯೋಚಿಸುವುದನ್ನು ಕಲಿತೆ. ದಶಮಾಂಶದ ಚುಕ್ಕೆ ಒಂದು ಮನೆ ಸರಿದರೆ ಡೋಸ್ ಹತ್ತು ಪಟ್ಟಾಗುತ್ತದೆ. ಅದಕ್ಕೇ ಇನ್ನೊಬ್ಬ ಸಿಸ್ಟರ್ ಲೆಕ್ಕ ನೋಡದೆ ಇಲ್ಲಿ ಯಾವ ಇಂಜೆಕ್ಷನ್ನೂ ಮಗುವಿಗೆ ಹೋಗುವುದಿಲ್ಲ.

ಒಂದು ರಾತ್ರಿ ಹೆರಿಗೆ ಕೋಣೆಯಿಂದ 1,380 ಗ್ರಾಂ ಮಗು ಬಂತು. ಮೈ ಒರೆಸಿದ ಒದ್ದೆ ಬಟ್ಟೆಯಲ್ಲೇ ಸುತ್ತಿದ್ದರು. ಕಾಲು ಮುಟ್ಟಿದರೆ ತಣ್ಣಗಿತ್ತು. ಟೆಂಪರೇಚರ್ 34.6 ಡಿಗ್ರಿ ಸೆಲ್ಸಿಯಸ್, ಇರಬೇಕಾದದ್ದು 36.5ರಿಂದ 37.5. ಜೊತೆಗೆ ಒಂದು ಚೀಟಿ: 'ಪ್ರಿಟರ್ಮ್, ತೂಕ ಕಡಿಮೆ, ಶಿಫ್ಟ್ ಮಾಡಲಾಗಿದೆ.' ಅಷ್ಟೇ. ನನಗೆ ಎದೆ ಧಸಕ್ಕೆಂದಿತು. ಅಂಥ ಚೀಟಿಗಳನ್ನು ನಾನೇ ಎಷ್ಟೋ ಬರೆದಿದ್ದೇನೆ.

ಮಗುವನ್ನು ವಾರ್ಮರ್ ಕೆಳಗೆ ಮಲಗಿಸಿ, ಶುಗರ್ ನೋಡಿ, ಡ್ರಿಪ್ ಹಾಕಿದ ಮೇಲೆ ಡಾಕ್ಟರ್ ಕೇಳಿದ ಒಂದು ಪ್ರಶ್ನೆಗೂ ಚೀಟಿಯಲ್ಲಿ ಉತ್ತರ ಇರಲಿಲ್ಲ. ನೀರು ಒಡೆದು ಎಷ್ಟು ಹೊತ್ತಾಗಿತ್ತು? 18 ಗಂಟೆ ದಾಟಿದ್ದರೆ ಸೋಂಕಿನ ಭಯ ಜಾಸ್ತಿ. ತಾಯಿಗೆ ಡೆಕ್ಸಾಮೆಥಾಸೋನ್ ಎಷ್ಟು ಡೋಸ್ ಆಗಿತ್ತು? ಮಗುವಿನ ಶ್ವಾಸಕೋಶ ಬಲಿಯಲಿ ಅಂತ 12 ಗಂಟೆಗೊಮ್ಮೆ 6 ಮಿಲಿಗ್ರಾಂನಂತೆ ನಾಲ್ಕು ಡೋಸ್ ಕೊಡುತ್ತೇವೆ. ಮೊದಲ ಡೋಸ್ ಆಗಿ ಎರಡೇ ಗಂಟೆಗೆ ಹೆರಿಗೆ ಆದರೆ ಅದರ ಪೂರ್ತಿ ಪ್ರಯೋಜನ ಮಗುವಿಗೆ ಸಿಗುವುದಿಲ್ಲ. ಬಿಪಿ ಏರಿ ಫಿಟ್ಸ್ ಬರದಿರಲಿ ಅಂತ ತಾಯಿಗೆ ಮ್ಯಾಗ್ನೀಷಿಯಂ ಸಲ್ಫೇಟ್ ಕೊಟ್ಟಿದ್ದರಾ? ಕೊಟ್ಟಿದ್ದರೆ ಮಗು ಸೋತ ಹಾಗಿರುವುದಕ್ಕೆ ಅದೂ ಒಂದು ಕಾರಣ ಇರಬಹುದು. ರಕ್ತಸ್ರಾವ ಆಗದಿರಲಿ ಅಂತ ಮಗುವಿಗೆ ಕೊಡುವ ವಿಟಮಿನ್ ಕೆ ಆಗಿದೆಯಾ? ಕೇಳಲು ಓಡಿದೆ. ಅಲ್ಲಿ ಇನ್ನೊಂದು ಹೆರಿಗೆ ನಡೆಯುತ್ತಿತ್ತು. ಇದ್ದ ಸಿಸ್ಟರ್ ಒಬ್ಬರೇ. ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ.

ಆಕ್ಸಿಜನ್ ವಿಷಯಕ್ಕೂ ನನ್ನ ಕಣ್ಣು ತೆರೆದದ್ದು ಇಲ್ಲೇ. ಮಗು ಸ್ವಲ್ಪ ನೀಲಿ ಕಂಡರೆ 'ಇರಲಿ' ಅಂತ ಆಕ್ಸಿಜನ್ ತಿರುಗಿಸುವುದು ನಮ್ಮಲ್ಲಿ ರೂಢಿಯಾಗಿತ್ತು. ಹುಟ್ಟಿದ ಮೊದಲ ನಿಮಿಷದಲ್ಲಿ ಆರೋಗ್ಯದ ಮಗುವಿಗೂ ರಕ್ತದ ಆಕ್ಸಿಜನ್ ಮಟ್ಟ ಶೇ. 60ರಿಂದ 65 ಇರುತ್ತದೆ, ಐದನೇ ನಿಮಿಷಕ್ಕೆ 80ರಿಂದ 85. ನೀಲಿ ಅನ್ನುವುದೊಂದೇ ಕಾರಣ ಸಾಲದು. ತಿಂಗಳು ತುಂಬದ ಮಗುವಿಗೆ ಲೆಕ್ಕವಿಲ್ಲದೆ ಆಕ್ಸಿಜನ್ ಕೊಟ್ಟರೆ ಕಣ್ಣಿನ ರೆಟಿನಾಕ್ಕೆ ಪೆಟ್ಟು ಬೀಳಬಹುದು. ಆರ್‌ಒಪಿ ಅನ್ನುವುದು ಇದಕ್ಕೇ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಊರೂರಿನ ಘಟಕಗಳಿಗೇ ಕ್ಯಾಮೆರಾ ಹೊತ್ತು ಹೋಗಿ ಇಂಥ ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತಾರೆ. ಪುಟ್ಟ ರೆಪ್ಪೆಗಳನ್ನು ಬಿಡಿಸಿ ಹಿಡಿದು ಪರೀಕ್ಷೆ ಮಾಡುವುದನ್ನು ಒಮ್ಮೆ ಹತ್ತಿರ ನಿಂತು ನೋಡಿದ ಯಾವ ಸಿಸ್ಟರೂ ಆಮೇಲೆ ಸುಮ್ನೆ ಆಕ್ಸಿಜನ್ ತಿರುಗಿಸುವುದಿಲ್ಲ.

ಎರಡೂವರೆ ವರ್ಷ ಕಳೆದು ನಾನು ಮತ್ತೆ ಹೆರಿಗೆ ಕೋಣೆಗೆ ಬಂದೆ. ಈಗ ನೋವು ಜೋರಾದ ಕೂಡಲೇ ವಾರ್ಮರ್ ಆನ್ ಮಾಡುತ್ತೇನೆ. ಎರಡು ಒಣ ಬಟ್ಟೆ ಬೆಚ್ಚಗೆ ಕಾದಿರುತ್ತವೆ, ಒಂದು ಒರೆಸಲು, ಇನ್ನೊಂದು ಸುತ್ತಲು. ಮಗುವನ್ನು ಆಚೆ ಕಳಿಸುವಾಗ ಪ್ರತಿ ಡೋಸಿನ ಹೊತ್ತನ್ನೂ ಗಡಿಯಾರ ನೋಡಿ ಬರೆದ ಹಾಳೆ ಜೊತೆಗೆ ಹೋಗುತ್ತದೆ. ಮಗು ಯಾವಾಗ ಅತ್ತಿತು, ಅದಕ್ಕೂ ಮೊದಲು ಏನು ಮಾಡಿದೆವು, ಎಲ್ಲವೂ ಅದರಲ್ಲಿರುತ್ತದೆ.

ಹಾಗಂತ ಎರಡೂ ಕಡೆಯ ಸಿಸ್ಟರುಗಳೆಲ್ಲರನ್ನೂ ಆರಾರು ತಿಂಗಳಿಗೆ ಅದಲುಬದಲು ಮಾಡುವುದನ್ನು ನಾನು ಒಪ್ಪುವುದಿಲ್ಲ. ಸಿಪ್ಯಾಪ್ (ಉಸಿರಾಟಕ್ಕೆ ನೆರವಾಗಲು ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ) ಮೇಲಿರುವ ಮಗುವಿನ ಪಕ್ಕೆಲುಬಿನ ಸಂದು ಉಸಿರೆಳೆದಾಗ ಎಷ್ಟು ಒಳಗೆ ಹೋಗುತ್ತಿದೆ ಅನ್ನುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಕಣ್ಣು ಪಳಗಿದ ಹೊತ್ತಿಗೆ ಎತ್ತಂಗಡಿ ಮಾಡಿದರೆ ನಷ್ಟ ಮಕ್ಕಳಿಗೆ. ಆದರೆ ಹೆರಿಗೆ ಕೋಣೆಯ ಪ್ರತಿ ಸಿಸ್ಟರೂ ಹದಿನೈದು ದಿನ ಆಚೆ ನಿಂತು ನೋಡಲಿ. ಅಲ್ಲಿಯವರೂ ಇಲ್ಲಿಗೆ ಬರಲಿ, ಎರಡು ಹೆರಿಗೆ ಒಟ್ಟಿಗೆ ಬಂದ ರಾತ್ರಿ ಹೇಗಿರುತ್ತದೆ ಅಂತ ನೋಡಲಿ.

ಇನ್ನೊಂದು ಮಾತು, ಬಾಣಂತಿಯದ್ದು. ಮೊದಲೆಲ್ಲ ಮಾಸು ಬಿದ್ದು, ರಕ್ತಸ್ರಾವ ಹಿಡಿತಕ್ಕೆ ಬಂದರೆ ಆ ತಾಯಿಯ ಕೆಲಸ ನನಗೆ ಮುಗಿದ ಹಾಗೆ. ಆಚೆ ಕೆಲಸ ಮಾಡುವಾಗ ಗೊತ್ತಾಯಿತು, ಎಷ್ಟೋ ತಾಯಂದಿರು ಎರಡು ದಿನವಾದರೂ ಮಗುವಿನ ಮುಖ ನೋಡದೆ ವಾರ್ಡಿನಲ್ಲಿ ಅಳುತ್ತಿರುತ್ತಾರೆ, ಹಾಲು ಕಟ್ಟಿಕೊಂಡು. ಈಗ ಮಗು ಆಚೆ ಹೋದರೆ, ತಾಯಿ ಸುಧಾರಿಸಿಕೊಂಡ ಕೂಡಲೇ ಪಕ್ಕದಲ್ಲಿ ಕೂತು ಹಾಲು ಹಿಂಡುವುದನ್ನು ತೋರಿಸುತ್ತೇನೆ. ಮೊದಲ ಸಲ ಒಂದೋ ಎರಡೋ ಎಂಎಲ್ ಬಂದರೆ ಹೆಚ್ಚು. ಹಳದಿಯಾಗಿ, ಅಂಟಂಟಾಗಿ ಇರುತ್ತದೆ. 'ಇಷ್ಟೇನಾ ಸಿಸ್ಟರ್?' ಅಂತ ಕೇಳುತ್ತಾರೆ. ಇಷ್ಟೇ ಸಾಕಮ್ಮ ಅನ್ನುತ್ತೇನೆ. ಆ ಪುಟ್ಟ ಬಟ್ಟಲಿನ ಮೇಲೆ ತಾಯಿಯ ಹೆಸರು, ಹೊತ್ತು ಬರೆದು ನಾನೇ ಕಾರಿಡಾರ್ ದಾಟಿ ಕೊಟ್ಟು ಬರುತ್ತೇನೆ. ಅಲ್ಲಿ ಅದನ್ನು ಟ್ಯೂಬಿನಲ್ಲೋ, ಮಗು ನುಂಗುವಷ್ಟು ಗಟ್ಟಿಯಾಗಿದ್ದರೆ ಒಳಲೆಯಲ್ಲೋ ಕುಡಿಸುತ್ತಾರೆ. ವಾಪಸ್ ಬಂದು ಆ ತಾಯಿಗೆ ಹೇಳುತ್ತೇನೆ, ನಿನ್ನ ಹಾಲು ಕುಡೀತು ಅಂತ.