“ನಮ್ಮ ವಂಶದಲ್ಲೇ ಹಲ್ಲು ವೀಕು” ಎನ್ನುವ ಮಾತು ನಿಜವಾ?

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಮೇಲಿನ ಮುಂಭಾಗದ ಹಲ್ಲುಗಳು ಕಂದಾಗಿ ಪುಡಿಯಾಗುತ್ತಿವೆ. ನನಗೂ ನಮ್ಮಮ್ಮನಿಗೂ ಚಿಕ್ಕಂದಿನಿಂದ ಹುಳುಕು. ವಂಶದಿಂದ ಬಂದದ್ದು, ಏನು ಮಾಡಿದರೂ ಅಷ್ಟೇ ಎನ್ನುತ್ತಾರೆ. ಹೌದಾ?

ಉತ್ತರ: ಹಾಗೆ ಕೈಚೆಲ್ಲಬೇಡಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಇವತ್ತು ಬಿಡಿಸಿ ಹೇಳುತ್ತೇನೆ.

ವಂಶದಿಂದ ಬರುವ ಎನಾಮಲ್ (ಹಲ್ಲಿನ ಗಟ್ಟಿಯಾದ ಹೊರಪದರ) ದೋಷ ಇರುವುದು ನಿಜ. ಅಮೆಲೋಜೆನೆಸಿಸ್ ಇಂಪರ್ಫೆಕ್ಟಾ ಅಂತ ಅದರ ಹೆಸರು. ಎನಾಮಲ್ ಕಟ್ಟುವ ಜೀವಕೋಶಗಳು ಮೊದಲು ಪ್ರೋಟೀನಿನ ಹಂದರ ಹಾಕುತ್ತವೆ. ಅದರೊಳಗೆ ಖನಿಜ ಸೇರಿಸುತ್ತವೆ. ಆಮೇಲೆ ಪ್ರೋಟೀನನ್ನು ಕತ್ತರಿಸಿ ತೆಗೆಯುತ್ತವೆ. ಕೊನೆಗೆ ಎನಾಮಲ್ ತೂಕದ ಶೇ. 96ರಷ್ಟು ಖನಿಜವೇ ಇರುತ್ತದೆ. ಹಂದರದ ಪ್ರೋಟೀನಿಗೆ ಅಮೆಲ್‌ಎಕ್ಸ್, ಎನಾಮ್ ಎಂಬ ಜೀನ್‌ಗಳು ಬೇಕು. ಪ್ರೋಟೀನ್ ತೆಗೆಯಲು ಎಂಎಂಪಿ20, ಕೆಎಲ್‌ಕೆ4 ಎಂಬ ಜೀನ್‌ಗಳು ಬೇಕು. ಹಂದರದ ಜೀನ್ ಕೆಟ್ಟರೆ ಸಾಮಾನ್ಯವಾಗಿ ಎನಾಮಲ್ ತೆಳುವಾಗುತ್ತದೆ. ತೆಗೆಯುವ ಜೀನ್ ಕೆಟ್ಟರೆ ದಪ್ಪ ಸರಿಯಿದ್ದರೂ ಮೆತ್ತಗಿರುತ್ತದೆ.

ಆದರೆ ಇದು ಎಷ್ಟು ಜನರಿಗೆ ಇರುತ್ತದೆ? ಅಮೆರಿಕದ ಮಿಷಿಗನ್‌ನ ಲೆಕ್ಕದಲ್ಲಿ 14,000ಕ್ಕೆ ಒಬ್ಬರು. ಉತ್ತರ ಸ್ವೀಡನ್‌ನಲ್ಲಿ ಸುಮಾರು 700ಕ್ಕೆ ಒಬ್ಬರು. ಹುಳುಕೋ, ಮಕ್ಕಳಲ್ಲಿ ಎಲ್ಲೆಡೆ ಕಾಣುವ ಕಾಯಿಲೆ. ಎರಡನ್ನೂ ಒಂದೇ ಅಂದುಕೊಂಡರೆ ಹೇಗೆ?

ಗುರುತಿಸುವುದೂ ಅಷ್ಟು ಕಷ್ಟವಲ್ಲ. ಜೀನ್ ದೋಷವಾದರೆ ಹಲ್ಲು ಮೂಡುವಾಗಲೇ ಬಣ್ಣಗೆಟ್ಟು, ಒರಟಾಗಿ ಇಲ್ಲವೇ ತೆಳುವಾಗಿ ಬರುತ್ತದೆ. ಒಂದೆರಡಲ್ಲ, ಬಹುತೇಕ ಎಲ್ಲ ಹಲ್ಲುಗಳೂ ಹಾಗೇ ಇರುತ್ತವೆ. ಮಗಳ ಹಲ್ಲು ಮೂಡಿದಾಗ ಬೆಳ್ಳಗೆ ನುಣುಪಾಗಿತ್ತಾ? ಆಮೇಲೆ ಒಸಡಿನ ಅಂಚಿನಲ್ಲಿ ಬಿಳಿ ಗೆರೆ ಬಂದು, ಅದೇ ಕಂದಾಯಿತಾ? ಹಾಗಿದ್ದರೆ ಅದು ಹುಳುಕೇ ಇರಬೇಕು. ರಾತ್ರಿ ಬಾಟಲಿ ಬಾಯಲ್ಲಿಟ್ಟು ಮಲಗುವ ಮಕ್ಕಳಲ್ಲಿ ಮೇಲಿನ ಮುಂಭಾಗದ ಹಲ್ಲುಗಳೇ ಮೊದಲು ಕೆಡುತ್ತವೆ.

“ಮನೆಮಂದಿಗೆಲ್ಲ ಇದೆಯಲ್ಲ?” ಅಂತ ಕೇಳುತ್ತೀರಿ. ಒಂದೇ ಮನೆಯಲ್ಲಿ ಇರುವವರು ಜೀನ್ ಮಾತ್ರ ಹಂಚಿಕೊಳ್ಳುವುದಿಲ್ಲ. ಸಿಹಿ ತಿನ್ನುವ ಅಭ್ಯಾಸ, ಬ್ರಶ್ ಮಾಡುವ ಅಭ್ಯಾಸ ಎಲ್ಲವೂ ಒಂದೇ. ಹುಳುಕು ತರುವ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾ ಕೂಡ ಹೆಚ್ಚಾಗಿ ತಾಯಿಯ ಎಂಜಲಿನಿಂದಲೇ ಮಗುವಿಗೆ ದಾಟುತ್ತದೆ. ಹುಳುಕಿನಲ್ಲಿ ಜೀನ್‌ಗಳಿಗೂ ಸ್ವಲ್ಪ ಪಾಲಿದೆ, ಅವಳಿ ಮಕ್ಕಳ ಅಧ್ಯಯನಗಳು ಅದನ್ನು ತೋರಿಸಿವೆ. ಆದರೆ ಬಾಯಲ್ಲಿ ಪದೇ ಪದೇ ಸಕ್ಕರೆ ಬೀಳದಿದ್ದರೆ ಆ ಬ್ಯಾಕ್ಟೀರಿಯಾ ಆಮ್ಲ ಮಾಡುವುದು ಹೇಗೆ? “ವಂಶ” ಎಂದು ಬ್ರಶ್ ಬಿಟ್ಟುಬಿಡುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಲ್ಲು ಕಳೆದುಕೊಳ್ಳುವುದು ಮಗು, ಅಲ್ವಾ?

ದಂತವೈದ್ಯರಿಗೆ ತೋರಿಸಿ. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ದಿನಕ್ಕೆರಡು ಸಲ ನೀವೇ ಬ್ರಶ್ ಮಾಡಿಸಿ. ಹಾಳಾದ ಎನಾಮಲ್ ಬೆಳೆಸಲು ಅಂತ ಸುಮ್ನೆ ಕ್ಯಾಲ್ಸಿಯಂ ಟಾನಿಕ್ ಕುಡಿಸಬೇಡಿ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಹೋಗಿರುತ್ತವೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು, ನನಗೆ ತುಂಬಾ ಇಷ್ಟವಾದದ್ದು. ಅಮೆಲ್‌ಎಕ್ಸ್ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ (ಕ್ರೋಮೋಸೋಮ್ ಅಂದರೆ ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತ ಎಳೆ). ಗಂಡುಮಕ್ಕಳಿಗೆ ಎಕ್ಸ್ ಒಂದೇ. ಅದರಲ್ಲಿ ಈ ಜೀನ್ ಕೆಟ್ಟಿದ್ದರೆ ಇಡೀ ಹಲ್ಲಿನ ಎನಾಮಲ್ ಕೆಡುತ್ತದೆ. ಹೆಣ್ಣುಮಕ್ಕಳಿಗೆ ಎರಡು ಎಕ್ಸ್, ಆದರೆ ಒಂದೊಂದು ಜೀವಕೋಶದಲ್ಲೂ ಅವುಗಳಲ್ಲಿ ಒಂದು ಕೆಲಸ ನಿಲ್ಲಿಸಿರುತ್ತದೆ. ಒಳ್ಳೆಯ ಜೀನ್ ಉಳಿದ ಜೀವಕೋಶಗಳು ಒಳ್ಳೆಯ ಎನಾಮಲ್ ಕಟ್ಟುತ್ತವೆ, ಪಕ್ಕದ ಗುಂಪು ಕೆಟ್ಟದ್ದನ್ನು ಕಟ್ಟುತ್ತದೆ. ಹಾಗಾಗಿ ಹಲ್ಲಿನ ಮೇಲೆ ಉದ್ದುದ್ದ ಪಟ್ಟೆಗಳು ಕಾಣುತ್ತವೆ. ಈ ಬಗೆ ತಂದೆಗಿದ್ದರೆ ಜೀನ್ ಹೆಣ್ಣುಮಕ್ಕಳೆಲ್ಲರಿಗೂ ಹೋಗುತ್ತದೆ, ಗಂಡುಮಕ್ಕಳಿಗೆ ಅವರಿಂದ ಹೋಗುವುದೇ ಇಲ್ಲ. ವೈದ್ಯರು ಮನೆಯವರ ಹಲ್ಲಿನ ಬಗ್ಗೆ ಕೇಳಿದರೆ “ಎಲ್ಲರಿಗೂ ವೀಕು” ಎಂದು ಮುಗಿಸಬೇಡಿ. ಯಾರಿಗೆ, ಎಷ್ಟನೇ ವಯಸ್ಸಿನಿಂದ, ಎಲ್ಲ ಹಲ್ಲಿಗೋ ಕೆಲವಕ್ಕೋ ಎಂದು ಹೇಳಿ.