ಹಾಡಲು ಬಾರದವರು ಹಾಡಿನ ತಪ್ಪು ಹೇಳಬಹುದಾ?

ಪ್ರಶ್ನೆ: ಸಂಗೀತ ಕಛೇರಿ ಕೇಳಿ ಬರುವಾಗ, ಕಾಂಬೋಜಿ ರಾಗ ಯಾಕೋ ಸರಿಯಾಗಲಿಲ್ಲ ಅಂದೆ. "ಹಾಗಾದ್ರೆ ನೀನೇ ಹಾಡಿ ತೋರಿಸು" ಅಂದುಬಿಟ್ಟರು ಗೆಳೆಯರು. ಹಾಡಲು ಬಾರದ ನಾನು ಸುಮ್ನೆ ಇರಬೇಕಿತ್ತಾ?

ಉತ್ತರ: ಖಂಡಿತ ಇಲ್ಲ. ಸ್ವರ ಹಿಡಿಯುವುದು ಗಂಟಲಿನ ಕೆಲಸ, ಗುರುತಿಸುವುದು ಕಿವಿಯ ಕೆಲಸ. ಎರಡಕ್ಕೂ ಅಭ್ಯಾಸ ಬೇಕು, ಆದರೆ ಬೇರೆ ಬೇರೆ ಅಭ್ಯಾಸ.

ನಿಮ್ಮ ಕಾಂಬೋಜಿಯನ್ನೇ ನೋಡಿ. ಅದರ ಆರೋಹಣದಲ್ಲಿ, ಅಂದರೆ ಸ್ವರಗಳನ್ನು ಹತ್ತುವ ಕ್ರಮದಲ್ಲಿ, ನಿಷಾದ (ನಿ) ಇಲ್ಲ, ಪ-ದ-ಸ ಎಂದು ಹತ್ತಬೇಕು. ಗಾಯಕರು ಪ-ದ-ನಿ-ಸ ಎಂದು ನೇರ ಹತ್ತಿದರೆ ಅಲ್ಲಿ ಹರಿಕಾಂಬೋಜಿ ಎಂಬ ಬೇರೆ ರಾಗ ಇಣುಕುತ್ತದೆ. ವರ್ಷಗಟ್ಟಲೆ ಕೇಳಿದ ರಸಿಕರ ಪಕ್ಕ ಕೂತಿದ್ದರೆ ಗೊತ್ತಾಗುತ್ತದೆ, ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈ ಅಷ್ಟು ಹೊತ್ತಿಗೆ ತಡವರಿಸುತ್ತದೆ. ಅವರಲ್ಲಿ ಎಷ್ಟೋ ಜನ ಒಂದು ಸಾಲನ್ನೂ ಶ್ರುತಿಗೆ ಸೇರಿಸಿ ಹಾಡಲಾರರು.

ಆದರೆ ಬರೀ ಪುಸ್ತಕದ ಆರೋಹಣ, ಅವರೋಹಣ (ಇಳಿಯುವ ಕ್ರಮ) ಗೊತ್ತಿದ್ದರೆ ಸಾಲದು. ಕಾಂಬೋಜಿಯ ನಿಷಾದ ಕೈಶಿಕಿ, ಅಂದರೆ ತಗ್ಗಿನ ನಿ. ಹಾಗಿದ್ದೂ ಸ-ನಿ-ಪ-ದ-ಸ ಎಂಬ ಸಂಚಾರದಲ್ಲಿ (ಸ್ವರಗಳ ಓಟದಲ್ಲಿ) ಕಾಕಲಿ ನಿಷಾದ, ಅಂದರೆ ಎತ್ತರದ ನಿ, ಬರುತ್ತದೆ, ರಾಗದ ಚೆಲುವೇ ಅಲ್ಲಿದೆ. ನಿಯಮ ಮಾತ್ರ ಓದಿದವರು ಅದನ್ನು ಅಪಸ್ವರ ಎಂದು ಬರೆದುಬಿಡುತ್ತಾರೆ. ಇಂಥ ವಿಮರ್ಶೆ ಓದಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಒಳ್ಳೆಯ ಹಾಡಿಗೆ ಅನ್ಯಾಯ ಅದು, ಅಲ್ವಾ?

ಹಾಡಲು ಬಾರದೆಯೂ ಹಾಡು ಬಲ್ಲ ರಸಿಕರಂಥವರು ಫುಟ್‌ಬಾಲ್‌ನಲ್ಲೂ ಇದ್ದಾರೆ. ಇಟಲಿಯ ಅರಿಗೊ ಸಾಕ್ಕಿ ವೃತ್ತಿಪರ ಆಟಗಾರರೇ ಆಗಿರಲಿಲ್ಲ. ಅವರ ತರಬೇತಿಯಲ್ಲಿ ಎಸಿ ಮಿಲಾನ್ ತಂಡ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದಿತು.

ಹಾಗೆಂದು ಕಲಿಯುವುದರಿಂದ ಏನೂ ಉಪಯೋಗವಿಲ್ಲ ಅಂತಲ್ಲ. ನಾನು ಎರಡು ವರ್ಷ ಸಂಗೀತ ಪಾಠಕ್ಕೆ ಹೋಗಿದ್ದೆ, ಆರಂಭದ ಪಾಠಗಳ ನಂತರ ಕಲಿಸುವ ವರ್ಣದವರೆಗೂ ಬರಲಿಲ್ಲ. ಆದರೆ ಅಲಂಕಾರಗಳೆಂಬ ಆರಂಭದ ಸ್ವರಪಾಠಗಳನ್ನು ಮೂರನೇ ಕಾಲದ ವೇಗದಲ್ಲಿ ಹಾಡುವಾಗ ಉಸಿರು ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಿತು. ವೇದಿಕೆಯ ಮೇಲೆ ಯಾರಾದರೂ ವೇಗದ ಸಂಗತಿಯೊಂದನ್ನು (ಒಂದೇ ಸಾಲನ್ನು ಬದಲಿಸಿ ಹಾಡುವ ಬಗೆ) ಅರ್ಧಕ್ಕೇ ಬಿಟ್ಟರೆ, ತಯಾರಿ ಸಾಲದು ಎಂದು ಈಗ ಥಟ್ಟನೆ ಬರೆಯುವುದಿಲ್ಲ. ತಪ್ಪು ಆಯಿತು ಎನ್ನಲು ಕಿವಿ ಸಾಕು. ಯಾಕಾಯಿತು, ಹೇಗೆ ತಿದ್ದಬೇಕು ಎನ್ನಲು ಹಾಡುವವರ ಕಷ್ಟ ಒಂದಿಷ್ಟಾದರೂ ಗೊತ್ತಿರಬೇಕು.

ನೀವು "ಯಾಕೋ ಸರಿಯಾಗಲಿಲ್ಲ" ಅಂದಿರಿ. ಗೆಳೆಯರು ಕೇಳಬೇಕಾಗಿದ್ದ ಪ್ರಶ್ನೆ "ಯಾವ ಜಾಗದಲ್ಲಿ?" ಎಂದು. ಆ ಕಛೇರಿಯ ರೆಕಾರ್ಡಿಂಗ್ ಸಿಕ್ಕರೆ ಆಲಾಪನೆಯನ್ನು (ತಾಳವಿಲ್ಲದೆ ರಾಗ ಬಿಡಿಸುವ ಭಾಗ) ಇನ್ನೊಮ್ಮೆ ಕೇಳಿ. ನಿಮಗೆ ಕಿರಿಕಿರಿಯಾದ ಸಂಚಾರ ಯಾವುದು ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಗೆಳೆಯರನ್ನು ಕರೆದು ಆ ಅರ್ಧ ನಿಮಿಷವನ್ನು ಅವರಿಗೂ ಕೇಳಿಸಿ.