ಕೊನೆಯ ಸಾಲಿನ ಫೋಟೊ ಕಳಿಸಬೇಡಿ

ಬೂಟ್ ಆಗುವ ಹೊತ್ತಿಗೇ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೈಕೊಟ್ಟರೆ ನನಗೆ ಬರುವುದು ಒಂದು ಫೋಟೊ. ಪರದೆಯ ಕೆಳಗಿನ ಆರೇಳು ಸಾಲು, ಸ್ವಲ್ಪ ಓರೆ, ನಡುವೆ ಟ್ಯೂಬ್‌ಲೈಟಿನ ಹೊಳಪು. 'ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ಅಟೆಂಪ್ಟೆಡ್ ಟು ಕಿಲ್ ಇನಿಟ್' ಅಂತ ಬರೆದಿರುತ್ತದೆ. ಜೊತೆಗೆ ಪ್ರಶ್ನೆ: "ಸರ್, ಇನಿಟ್‌ನಲ್ಲಿ ಏನು ತಪ್ಪಾಗಿದೆ?"

ಇನಿಟ್ ಅಂದರೆ ಬೂಟ್ ಆಗುವಾಗ ಕರ್ನಲ್ ಶುರುಮಾಡುವ ಮೊದಲ ಪ್ರೋಗ್ರಾಮ್. ಅದರಲ್ಲಿ ಏನೂ ತಪ್ಪಾಗಿಲ್ಲದೆ ಇರಬಹುದು. ಕರ್ನಲ್ ಒಳಗೇ ಸೇರಿಸಿದ ಡ್ರೈವರ್‌ಗಳು ಶುರುವಾಗುವುದು 1ನೇ ನಂಬರಿನ ಪ್ರೋಸೆಸ್‌ನಲ್ಲಿ, ಅದೇ ಆಮೇಲೆ ಇನಿಟ್ ಆಗುತ್ತದೆ. ಅಲ್ಲಿ ಯಾವುದೋ ಡ್ರೈವರ್ ನಲ್ ಪಾಯಿಂಟರ್ (ಎಲ್ಲಿಗೂ ತೋರಿಸದ ಮೆಮೊರಿ ವಿಳಾಸ) ಮುಟ್ಟಿದರೆ ಸಾಯುವುದು ಆ ಪ್ರೋಸೆಸ್, ಅದು ಸತ್ತರೆ ಕರ್ನಲ್‌ಗೆ ಮುಂದೆ ಹೋಗಲು ದಾರಿಯೇ ಇಲ್ಲ. ಆ ಕೊನೆಯ ಸಾಲು ಸಾವಿನ ಸುದ್ದಿ ಅಷ್ಟೇ. ಕಾರಣ ಮೇಲೆಲ್ಲೋ ಸರಿದು ಹೋಗಿರುತ್ತದೆ.

ಆದ್ದರಿಂದ ಮೊದಲ 'ಊಪ್ಸ್' (ಕರ್ನಲ್ ತನ್ನೊಳಗಿನ ತಪ್ಪನ್ನು ವರದಿ ಮಾಡುವ ಸಂದೇಶ) ಹುಡುಕಿ. ಆ ಸಾಲಿನಲ್ಲಿ ಚೌಕ ಆವರಣದೊಳಗೆ #1 ಅಂತ ಇರುತ್ತದೆ. ನೀವು ಕಳಿಸಿದ್ದರಲ್ಲಿ #2 ಅಥವಾ #3 ಇದ್ದರೆ, ಅದಕ್ಕೂ ಮುಂಚೆ ಒಂದು ಬಿದ್ದಾಗಿದೆ ಅಂತ ಅರ್ಥ. ಮುರಿದ ಕರ್ನಲ್ ಆಮೇಲೆ ಏನು ಬೇಕಾದರೂ ಮಾಡಬಹುದು, ಅದನ್ನು ಓದಿ ತಲೆ ಕೆಡಿಸಿಕೊಳ್ಳುವುದು ದಂಡ.

ಕೊನೆಯ ಸಾಲೇ ಉಪಯೋಗಕ್ಕೆ ಬರುವ ಸಂದರ್ಭವೂ ಇದೆ, ಇಲ್ಲ ಅನ್ನಲ್ಲ. ರೂಟ್ ಫೈಲ್ ಸಿಸ್ಟಮ್ (ಸಿಸ್ಟಮ್‌ನ ಫೈಲುಗಳೆಲ್ಲ ಇರುವ ಮೂಲ ಜಾಗ) ಮೌಂಟ್ ಆಗದಾಗ, ಅಂದರೆ ಬಳಕೆಗೆ ತೆರೆಯದಾಗ, ಬರುವ 'ಅನ್‌ನೋನ್ ಬ್ಲಾಕ್' ಸಾಲು ಅಂಥದ್ದು. ಪಕ್ಕದಲ್ಲಿ ಡಿಸ್ಕಿನ ನಂಬರ್ (0,0) ಅಂತ ಇದ್ದರೆ ಕರ್ನಲ್‌ಗೆ ಡಿಸ್ಕೇ ಕಂಡಿಲ್ಲ, ಸಾಮಾನ್ಯವಾಗಿ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಮೆಮೊರಿಗೆ ತುಂಬುವ ಪುಟ್ಟ ಫೈಲ್ ಸಿಸ್ಟಮ್) ಲೋಡ್ ಆಗಿರುವುದಿಲ್ಲ ಅಥವಾ ಡ್ರೈವರ್ ಇರುವುದಿಲ್ಲ. (8,1) ಇದ್ದರೆ ಡಿಸ್ಕ್ ಸಿಕ್ಕಿದೆ, ಫೈಲ್ ಸಿಸ್ಟಮ್ ಕಡೆ ನೋಡಿ.

ಇನ್ನು ಪ್ಯಾನಿಕ್ಕೂ ಇಲ್ಲದೆ ಸುಮ್ನೆ ನಿಂತುಬಿಡುವ ಬೋರ್ಡ್‌ಗಳು. ಒಬ್ಬ ಹುಡುಗ, ಒಳ್ಳೆ ಕೆಲಸಗಾರ, ವಾರಗಟ್ಟಲೆ ಸೀರಿಯಲ್ ಪೋರ್ಟ್ ನಡೆಸುವ ಸೀರಿಯಲ್ ಡ್ರೈವರನ್ನೇ ಬಗೆಯುತ್ತಿದ್ದ. ಯಾಕೆ ಅಂದರೆ ಅವನ ಲಾಗ್ (ಕರ್ನಲ್ ಸಂದೇಶಗಳ ಪಟ್ಟಿ) 'ಬೂಟ್‌ಕನ್ಸೋಲ್ ಡಿಸೇಬಲ್ಡ್' ಎಂಬಲ್ಲಿ ನಿಲ್ಲುತ್ತಿತ್ತು. ಕರ್ನಲ್ ಅಲ್ಲೇ ಸತ್ತಿದೆ ಅಂತ ಅವನ ಲೆಕ್ಕ. ಸಾಲು ಹೇಳುವುದು ಬೇರೆ: ತಾತ್ಕಾಲಿಕ ಕನ್ಸೋಲ್ (ಕರ್ನಲ್ ಸಂದೇಶ ಹೊರಬರುವ ದಾರಿ) ಮುಚ್ಚಿದೆ, ಇನ್ನು ಮುಂದಿನ ಮಾತೆಲ್ಲ ನಿಜವಾದ ಕನ್ಸೋಲ್‌ನಲ್ಲಿ. ಆ ನಿಜವಾದ ಕನ್ಸೋಲ್ ಅವನು ಕೇಬಲ್ ಚುಚ್ಚಿದ್ದ ಪೋರ್ಟ್ ಆಗಿರಲಿಲ್ಲ, ಅಷ್ಟೇ! ಬೂಟ್ ಆಯ್ಕೆಗಳಿಗೆ 'ಕೀಪ್‌ಬೂಟ್‌ಕಾನ್' (ತಾತ್ಕಾಲಿಕ ಕನ್ಸೋಲ್ ಮುಚ್ಚಬೇಡ ಅನ್ನುವ ಆಯ್ಕೆ) ಸೇರಿಸಿಸಿದೆ. ಉಳಿದ ಲಾಗ್ ದಬದಬ ಬಂತು, ತುಂಬಾ ಕೆಳಗೆ #1 ಊಪ್ಸ್, ವೋಲ್ಟೇಜ್ ನೋಡಿಕೊಳ್ಳುವ ಒಂದು ರೆಗ್ಯುಲೇಟರ್ ಡ್ರೈವರ್‌ನಲ್ಲಿ. ಸೀರಿಯಲ್ ಡ್ರೈವರ್‌ಗೂ ಅದಕ್ಕೂ ಸಂಬಂಧವೇ ಇಲ್ಲ. (ಈ ಆಯ್ಕೆಯಿಂದ ಕೆಲವು ಸಲ ಸಾಲುಗಳು ಎರಡೆರಡು ಸಲ ಬರುತ್ತವೆ. ಕೆಲಸ ಮುಗಿದ ಮೇಲೆ ತೆಗೆದುಬಿಡಿ.)

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕರ್ನಲ್ ಬರೆಯುವ ಸಂದೇಶ ಮೊದಲು ಮೆಮೊರಿಯ ಬಫರ್‌ಗೆ ಹೋಗುತ್ತದೆ. ಕನ್ಸೋಲ್ ನೋಂದಣಿ ಆದ ಮೇಲಷ್ಟೇ ಹೊರಗೆ ಕಾಣುತ್ತದೆ. ಅದಕ್ಕೂ ಮುಂಚೆ ಬಿದ್ದರೆ ಬೂಟ್‌ಲೋಡರ್‌ನ (ಕರ್ನಲನ್ನು ಲೋಡ್ ಮಾಡುವ ಪ್ರೋಗ್ರಾಮ್) 'ಸ್ಟಾರ್ಟಿಂಗ್ ಕರ್ನಲ್' ಬಿಟ್ಟು ಏನೂ ಇರಲ್ಲ. ಆಗ ಎಲ್ಲರೂ "ಕರ್ನಲ್ ಶುರುವೇ ಆಗಿಲ್ಲ" ಅನ್ನುತ್ತಾರೆ. ಆಗಿರಬಹುದು, ಮಾತೂ ಆಡಿರಬಹುದು, ನಿಮಗೆ ಕೇಳಿಸಿಲ್ಲ ಅಷ್ಟೇ. ಬೂಟ್ ಆಯ್ಕೆಗಳಲ್ಲಿ 'ಅರ್ಲಿಕಾನ್' (ಮೊದಲಿನಿಂದಲೇ ಸಂದೇಶ ತೋರಿಸುವ ತಾತ್ಕಾಲಿಕ ಕನ್ಸೋಲ್) ಹಾಕಿ ನೋಡಿ, ಸಂದೇಶ ಮುಚ್ಚಿಡುವ 'ಕ್ವೈಟ್' ಕಿತ್ತುಹಾಕಿ.

ಆಮೇಲೂ ಜಾಗ ಗೊತ್ತಾಗದಿದ್ದರೆ 'ಇನಿಟ್‌ಕಾಲ್ ಡೀಬಗ್' ಎಂಬ ಬೂಟ್ ಆಯ್ಕೆ ಇದೆ. ಪ್ರತಿ ಡ್ರೈವರ್ ಫಂಕ್ಷನ್‌ಗೂ ಒಳಹೋಗುವಾಗ ಒಂದು ಸಾಲು, ವಾಪಸ್ ಬಂದಾಗ ಒಂದು ಸಾಲು. ಒಳಹೋಗಿ ವಾಪಸ್ ಬರದ್ದು ಯಾವುದು ಅಂತ ನೋಡಿ. ಅದೇ ಕಳ್ಳ ಅಂತಲೂ ತಕ್ಷಣ ಹೇಳಲಾರೆ. ಬಳಕೆಯಲ್ಲಿಲ್ಲದ ಕ್ಲಾಕ್‌ಗಳನ್ನು (ಚಿಪ್‌ನ ಭಾಗಗಳನ್ನು ನಡೆಸುವ ತಾಳದ ಸಿಗ್ನಲ್‌ಗಳು) ಆರಿಸುವ ಫಂಕ್ಷನ್ ಹೀಗೆ ಸಿಕ್ಕಿಬೀಳುವುದು ಜಾಸ್ತಿ, ಆದರೆ ಅದು ತನ್ನ ಕೆಲಸ ಮಾಡುತ್ತಿರುತ್ತದೆ ಅಷ್ಟೇ. ಕ್ಲಾಕ್ ನನಗೆ ಬೇಕು ಅಂತ ಹೇಳದೆ ಕುಳಿತ ಇನ್ನೊಂದು ಡ್ರೈವರ್‌ನದ್ದು ತಪ್ಪು.

ಇಷ್ಟಾದ ಮೇಲೂ ನನ್ನ ಹತ್ತಿರ ಬರುವುದಾದರೆ ಬನ್ನಿ, ಬೇಜಾರಿಲ್ಲ. ಪೂರ್ತಿ ಲಾಗನ್ನು ಮೊದಲ ಸಾಲಿನಿಂದ ಟೆಕ್ಸ್ಟ್ ಫೈಲ್ ಆಗಿ ಕಳಿಸಿ. ಬಿದ್ದ ಕರ್ನಲ್‌ನದ್ದೇ ವಿಎಂಲಿನಕ್ಸ್ ಫೈಲನ್ನು (ಕಂಪೈಲ್ ಆದಾಗ ಸಿಗುವ ಪೂರ್ತಿ ಕರ್ನಲ್), ಡೀಬಗ್ ಮಾಹಿತಿ ಸಮೇತ, ಜೊತೆಗಿಡಿ. ಆಮೇಲೆ ಏನೋ ಬದಲಾಯಿಸಿ ಮತ್ತೆ ಕಂಪೈಲ್ ಮಾಡಿದ್ದು ಬೇಡ, ವಿಳಾಸಗಳೆಲ್ಲ ಜರುಗಿರುತ್ತವೆ.